ಎಳೆ ಎಣಿಸುವ ಕಣ್ಣು



ನಮ್ಮ ಹಲಕರ್ಣಿಯ ಕಡೆ ಒಂದೇ ಮನೆಯ ಮಕ್ಕಳಲ್ಲಿ ಒಬ್ಬರು ಕನ್ನಡ ಶಾಲೆಗೆ, ಇನ್ನೊಬ್ಬರು ಮರಾಠಿ ಶಾಲೆಗೆ ಹೋಗುವುದು ಹೊಸದೇನಲ್ಲ. ಕನ್ನಡ ಶಾಲೆಯ ವಿಜ್ಞಾನ ಪುಸ್ತಕದಲ್ಲಿ 'ಲೋಮನಾಳ' ಎಂದಿರುವುದು ಮರಾಠಿ ಪುಸ್ತಕದಲ್ಲಿ 'ಕೇಶವಾಹಿನಿ' ಆಗಿರುತ್ತದೆ. ಲೋಮ ಎಂದರೂ ಕೂದಲು, ಕೇಶ ಎಂದರೂ ಕೂದಲು. ಇಂಗ್ಲಿಷಿನವರು 'ಕ್ಯಾಪಿಲರಿ' ಎಂದದ್ದೂ ಲ್ಯಾಟಿನ್ ಭಾಷೆಯ ಕೂದಲಿನ ಶಬ್ದದಿಂದಲೇ. ನಮ್ಮ ಮೈಯೊಳಗಿನ ಅತಿ ಸಣ್ಣ ರಕ್ತನಾಳಕ್ಕೆ ಮೂರು ಭಾಷೆಯವರೂ ಕೂದಲನ್ನೇ ಹೋಲಿಕೆ ಕೊಟ್ಟರು. ನಿಜ ಹೇಳಬೇಕೆಂದರೆ ಈ ಹೋಲಿಕೆಯೂ ದಪ್ಪನೆಯದೇ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಒಂದು ಮೈಕ್ರಾನ್. ಲೋಮನಾಳದ ಅಗಲ 5ರಿಂದ 10 ಮೈಕ್ರಾನ್ ಮಾತ್ರ. ತಲೆಗೂದಲು ಅದರ ಹತ್ತು ಪಟ್ಟು ದಪ್ಪ ಇದ್ದೀತು. ರಕ್ತದ ಕೆಂಪು ಕಣ ಸುಮಾರು 7-8 ಮೈಕ್ರಾನ್. ಹಾಗಾಗಿ ಈ ಓಣಿಯಲ್ಲಿ ಕಣಗಳು ಸಾಲಾಗಿ, ಒಂದರ ಹಿಂದೆ ಒಂದು, ಮೈ ಬಗ್ಗಿಸಿಕೊಂಡು ಹೋಗಬೇಕು.

ಈ ಓಣಿಯನ್ನು ಮನುಷ್ಯ ಮೊದಲು ಊಹಿಸಿದ, ಆಮೇಲೆ ಕಂಡ, ಆಮೇಲೆ ಎಣಿಸಿದ, ಕೊನೆಗೆ ಎಣಿಸುವ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಿದ. ಸುಮಾರು ನಾಲ್ಕು ನೂರು ವರ್ಷಗಳ ಆ ಇತಿಹಾಸವೇ ಇಂದಿನ ವಿಷಯ. ಕಂಡದ್ದಷ್ಟೇ ಎಂದೂ ಸಾಕಾಗಲಿಲ್ಲ, ಒಬ್ಬನು ಕಂಡದ್ದನ್ನು ಇನ್ನೊಬ್ಬನೂ ಒಪ್ಪುವಂತೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು ಎಂಬುದು ಈ ಇತಿಹಾಸದ ತಿರುಳು.

1628ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಾರ್ವೆ ಒಂದು ಚಿಕ್ಕ ಪುಸ್ತಕವನ್ನು ಅಚ್ಚು ಹಾಕಿಸಿದ. ಅಲ್ಲಿಯವರೆಗೆ ಯುರೋಪಿನ ವೈದ್ಯರ ನಂಬಿಕೆ ಬೇರೆ ಇತ್ತು. ತಿಂದ ಅನ್ನ ಯಕೃತ್ತಿನಲ್ಲಿ ರಕ್ತವಾಗುತ್ತದೆ, ಆ ರಕ್ತ ಮೈಗೆಲ್ಲ ಹರಿದು, ಹೊಲಕ್ಕೆ ಬಿಟ್ಟ ನೀರಿನಂತೆ ಅಲ್ಲಲ್ಲೇ ಇಂಗಿ ಹೋಗುತ್ತದೆ ಎಂದು ಅವರು ತಿಳಿದಿದ್ದರು. ಹಾರ್ವೆ ಸರಳವಾದ ಒಂದು ಲೆಕ್ಕ ಹಾಕಿದ. ಹೃದಯ ಒಂದು ಬಡಿತಕ್ಕೆ ಇಷ್ಟು ರಕ್ತ ಹೊರಗೆ ಹಾಕಿದರೆ, ಅರ್ಧ ಗಂಟೆಯಲ್ಲಿ ಅದು ಮೈಯಲ್ಲಿರುವ ಒಟ್ಟು ರಕ್ತವನ್ನೇ ಮೀರುತ್ತದೆ. ಅಷ್ಟು ರಕ್ತ ಎಲ್ಲಿಂದ ಹುಟ್ಟೀತು? ಎಲ್ಲಿ ಇಂಗೀತು? ಆದ್ದರಿಂದ ಅದೇ ರಕ್ತ ಸುತ್ತಿ ಸುತ್ತಿ ಬರುತ್ತಿದೆ ಎಂದ. ಹೃದಯದಿಂದ ಹೊರಡುವ ಧಮನಿಗಳು ಅವನಿಗೆ ಕಂಡಿದ್ದವು, ಹೃದಯಕ್ಕೆ ಮರಳುವ ಅಭಿಧಮನಿಗಳೂ ಕಂಡಿದ್ದವು. ಇವೆರಡನ್ನೂ ಜೋಡಿಸುವ ದಾರಿ ಮಾತ್ರ ಕಾಣಲಿಲ್ಲ. ಮಾಂಸದೊಳಗೆ ಏನೋ ಸಣ್ಣ ಸಂದುಗಳಿರಬೇಕು ಎಂದು ಊಹಿಸಿ ಬಿಟ್ಟ. ಆ ದಾರಿ ನೋಡದೆಯೇ 1657ರಲ್ಲಿ ತೀರಿಕೊಂಡ.

ಹಾರ್ವೆಯ ಪುಸ್ತಕ ಬಂದ ವರ್ಷವೇ, ಅಂದರೆ 1628ರಲ್ಲೇ, ಇಟಲಿಯಲ್ಲಿ ಮಾರ್ಸೆಲ್ಲೊ ಮಾಲ್ಪಿಘಿ ಹುಟ್ಟಿದ್ದ. ಹಾರ್ವೆ ತೀರಿದ ನಾಲ್ಕು ವರ್ಷಕ್ಕೆ, 1661ರಲ್ಲಿ, ಬೊಲೋನ್ಯಾ ನಗರದಿಂದ ತನ್ನ ಗೆಳೆಯ ಬೊರೆಲ್ಲಿಗೆ ಅವನು ಎರಡು ಪತ್ರ ಬರೆದ. ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ ವಿಷಯ ಅದರಲ್ಲಿತ್ತು. ಕಪ್ಪೆಯೇ ಏಕೆ? ಅದರ ಶ್ವಾಸಕೋಶ ತೆಳ್ಳಗೆ, ಬೆಳಕು ಹಾಯುವಂತೆ ಇರುತ್ತದೆ. ಅಲ್ಲಿ ಧಮನಿಗೂ ಅಭಿಧಮನಿಗೂ ನಡುವೆ ಜಾಳಿಗೆಯಂತೆ ಹೆಣೆದ ಸಣ್ಣ ನಾಳಗಳು ಕಂಡವು. ರಕ್ತ ಎಲ್ಲೂ ಬಯಲಿಗೆ ಚೆಲ್ಲುವುದಿಲ್ಲ, ನಾಳದಿಂದ ನಾಳಕ್ಕೇ ಹೋಗುತ್ತದೆ ಎಂದು ತಿಳಿಯಿತು. ಹಾರ್ವೆ ಲೆಕ್ಕದಿಂದ ಹೇಳಿದ್ದನ್ನು ಮಾಲ್ಪಿಘಿ ಕಣ್ಣಿಂದ ಕಂಡ.

ಇನ್ನೊಬ್ಬನ ಕಥೆ ನಮ್ಮ ಜಿಲ್ಲೆಯವರಿಗೆ ಹತ್ತಿರದ್ದು. ಹಾಲೆಂಡಿನ ಡೆಲ್ಫ್ಟ್ ಊರಿನ ಆಂಟನಿ ವಾನ್ ಲೇವನ್‌ಹುಕ್ ವೈದ್ಯನಲ್ಲ, ಪಂಡಿತನಲ್ಲ, ಬಟ್ಟೆಯ ವ್ಯಾಪಾರಿ. ಇಚಲಕರಂಜಿಯ ಬಟ್ಟೆ ಪೇಟೆ ನೋಡಿದವರಿಗೆ ಗೊತ್ತು. ಬಟ್ಟೆಯ ಮೇಲೆ ಚಿಕ್ಕ ಭೂತಗನ್ನಡಿ ಇಟ್ಟು, ಒಂದು ಇಂಚಿನಲ್ಲಿ ಹಾಸು ಎಷ್ಟು ಎಳೆ, ಹೊಕ್ಕು ಎಷ್ಟು ಎಳೆ ಎಂದು ಎಣಿಸುತ್ತಾರೆ. ಮರಾಠಿಯಲ್ಲಿ ಇದನ್ನೇ ತಾಣಾ-ಬಾಣಾ ಎನ್ನುವುದು. ಬಟ್ಟೆ ಚೆನ್ನಾಗಿದೆ ಎಂದು ನೇಕಾರ ಬಾಯಲ್ಲಿ ಹೇಳಿದರೆ ವ್ಯಾಪಾರಿ ಒಪ್ಪುವುದಿಲ್ಲ. ಎಳೆ ಎಣಿಸಿದ ಮೇಲೆ ಇಬ್ಬರಿಗೂ ಜಗಳವಿಲ್ಲ. ಲೇವನ್‌ಹುಕ್‌ನ ಕಾಲದ ಬಟ್ಟೆ ವ್ಯಾಪಾರಿಗಳೂ ನೂಲು ನೋಡಲು ಭೂತಗನ್ನಡಿ ಹಿಡಿಯುತ್ತಿದ್ದರು. ಅವನು ತಾನೇ ಗಾಜು ತಿಕ್ಕಿ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರಗಳನ್ನು ತಯಾರಿಸಿದ. 1674ರಲ್ಲಿ ರಕ್ತದ ಕೆಂಪು ಕಣಗಳನ್ನು ವರ್ಣಿಸಿದ. 1688ರಲ್ಲಿ ಕಪ್ಪೆಮರಿಯ ಬಾಲದೊಳಗೆ ಆ ಕಣಗಳು ಸಣ್ಣ ನಾಳಗಳಲ್ಲಿ ಓಡುವುದನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ.

ಇಲ್ಲಿಗೆ ನೋಡುವ ಅಧ್ಯಾಯ ಮುಗಿಯಿತು ಎನ್ನಬಹುದಿತ್ತು. ಆದರೆ ಕಪ್ಪೆಯ ಬಾಲದಲ್ಲಿ ಕಂಡದ್ದು ರೋಗಿಗೆ ಏನು ಉಪಯೋಗ? ಮನುಷ್ಯನ ಚರ್ಮ ಕಪ್ಪೆಯ ಶ್ವಾಸಕೋಶದಂತೆ ತೆಳ್ಳಗಿಲ್ಲ. ಜೀವಂತ ಮನುಷ್ಯನ ಚರ್ಮದಲ್ಲಿ ಈ ನಾಳಗಳನ್ನು ಸುಲಭವಾಗಿ ನೋಡುವ ಉಪಾಯ ಬರಲು ಎರಡು ಶತಮಾನಗಳೇ ಕಳೆದವು. 1912ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವಾರನ್ ಲೊಂಬಾರ್ಡ್ ತೋರಿಸಿದ ಉಪಾಯ ಬಹಳ ಸರಳ. ಉಗುರಿನ ಬುಡದ ಚರ್ಮದ ಮೇಲೆ ಒಂದು ಹನಿ ಎಣ್ಣೆ ಬಿಟ್ಟರೆ, ಕಾಗದಕ್ಕೆ ಎಣ್ಣೆ ಹಚ್ಚಿದಾಗ ಆಗುವಂತೆ, ಬೆಳಕು ಒಳಗೆ ಹಾಯುತ್ತದೆ. ಕೆಳಗಿನ ಲೋಮನಾಳಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಬೇರೆ ಕಡೆಯ ಚರ್ಮದಲ್ಲಿ ಅವು ನೆಟ್ಟಗೆ ನಿಂತಿರುವುದರಿಂದ ಬರೀ ತುದಿ ಚುಕ್ಕೆಯಾಗಿ ಕಾಣುತ್ತದೆ. ಉಗುರಿನ ಬುಡದಲ್ಲಿ ಅವು ಅಡ್ಡ ಮಲಗಿವೆ. ಹೆಣ್ಣುಮಕ್ಕಳು ತಲೆಗೆ ಸಿಕ್ಕಿಸುವ ಹೇರ್‌ಪಿನ್ನುಗಳನ್ನು ಸಾಲಾಗಿ ಜೋಡಿಸಿಟ್ಟಂತೆ ತೋರುತ್ತವೆ.

ಹೀಗೆ ನೋಡಿದ್ದರಿಂದ ಒಂದು ರೋಗದ ಗುಟ್ಟು ಹೊರಬಿತ್ತು. ಕೆಲವರಿಗೆ ಚಳಿಗೆ ಕೈಬೆರಳು ಸುಣ್ಣದಂತೆ ಬೆಳ್ಳಗಾಗಿ, ಆಮೇಲೆ ನೀಲಿಯಾಗಿ, ಬೆಚ್ಚಗಾದಾಗ ಕೆಂಪಾಗುತ್ತವೆ. 1862ರಲ್ಲಿ ಪ್ಯಾರಿಸಿನ ಮಾರಿಸ್ ರೇನೋ ಇದನ್ನು ವಿವರಿಸಿದ್ದರಿಂದ ಅವನ ಹೆಸರೇ ಇದಕ್ಕೆ ಬಂತು. ಹೆಚ್ಚಿನವರಿಗೆ ಇದರಿಂದ ಅಪಾಯವಿಲ್ಲ. ಕೆಲವರಿಗೆ ಮಾತ್ರ ಇದು ಮುಂದೆ ಚರ್ಮ ಬಿಗಿದು ಗಟ್ಟಿಯಾಗಿ, ಶ್ವಾಸಕೋಶಕ್ಕೂ ತಗಲುವ ಸ್ಕ್ಲೀರೋಡರ್ಮಾ ಎಂಬ ದೊಡ್ಡ ಕಾಯಿಲೆಯ ಮೊದಲ ಸೂಚನೆ. ಇವರು ಯಾರು, ಅವರು ಯಾರು ಎಂದು ಮೊದಲೇ ಬೇರ್ಪಡಿಸುವುದು ಹೇಗೆ? ಹಿಲ್ಡೆಗಾರ್ಡ್ ಮಾರಿಕ್ ಎಂಬ ವಿಜ್ಞಾನಿ ತನ್ನ ಸಹೋದ್ಯೋಗಿ ಲೆರಾಯ್ ಅವರೊಂದಿಗೆ 1973ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಸ್ಕ್ಲೀರೋಡರ್ಮಾ ಇರುವವರ ಉಗುರಿನ ಬುಡದಲ್ಲಿ ಕೆಲವು ನಾಳಗಳು ವಿಪರೀತ ಉಬ್ಬಿರುತ್ತವೆ, ಕೆಲವು ಕಡೆ ನಾಳಗಳೇ ಇಲ್ಲದೆ ಬಯಲು ಬಿದ್ದಿರುತ್ತದೆ. ಆರೋಗ್ಯವಂತ ದೊಡ್ಡವರಲ್ಲಿ ಒಂದು ಮಿಲಿಮೀಟರಿಗೆ ಏಳು ಅಥವಾ ಹೆಚ್ಚು ನಾಳಗಳು ಇರಬೇಕು. 50 ಮೈಕ್ರಾನ್ ಮೀರಿ ಉಬ್ಬಿದ್ದನ್ನು ದೈತ್ಯನಾಳ ಎನ್ನುತ್ತಾರೆ. 2013ರಲ್ಲಿ ಯುರೋಪ್ ಮತ್ತು ಅಮೆರಿಕದ ತಜ್ಞರು ಈ ರೋಗ ಗುರುತಿಸಲು ಅಂಕಗಳ ಪಟ್ಟಿ ಮಾಡಿದಾಗ, ಬೇಕಾದ 9 ಅಂಕಗಳಲ್ಲಿ 2 ಅಂಕ ಉಗುರಿನ ಬುಡದ ನಾಳಗಳಿಗೆ ಸಿಕ್ಕವು.

ಬಾಂಧವರೇ, ಇಲ್ಲಿಯವರೆಗೆ ನಾಳಗಳ ಆಕಾರದ ಮಾತಾಯಿತು. ಅವುಗಳಲ್ಲಿ ರಕ್ತ ಹರಿಯುತ್ತಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಕಾಲುವೆ ತೋಡಿದ್ದರೆ ನೀರು ಬಂದೇ ಬಂತು ಎಂದು ನಮ್ಮ ರೈತ ನಂಬುವುದಿಲ್ಲವಷ್ಟೇ? ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಈ ಪ್ರಶ್ನೆ ಕೈಗೆತ್ತಿಕೊಂಡ. ಸುಮ್ಮನೆ ಇರುವ ಸ್ನಾಯುವಿನಲ್ಲಿ ಎಲ್ಲ ಲೋಮನಾಳಗಳಲ್ಲೂ ರಕ್ತ ಓಡುವುದಿಲ್ಲ, ಕೆಲಸ ಮಾಡುವಾಗ ಹೆಚ್ಚು ನಾಳಗಳು ತೆರೆದುಕೊಳ್ಳುತ್ತವೆ ಎಂದು ನಾಳಗಳನ್ನು ಎಣಿಸಿಯೇ ತೋರಿಸಿದ. ಪ್ರಾಣವಾಯು ನಾಳದಿಂದ ಎಷ್ಟು ದೂರ ಹರಡೀತು ಎಂಬ ಗಣಿತಕ್ಕೆ ಅವನಿಗೆ ನೆರವಾದವನು ಎರ್ಲಾಂಗ್ ಎಂಬವನು, ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ! 1920ರಲ್ಲಿ ಕ್ರೋಗ್‌ಗೆ ನೊಬೆಲ್ ಬಹುಮಾನ ಬಂತು.

ಹರಿವನ್ನು ಅಳೆಯಲು ಕಣ್ಣು ಸಾಲದು. ಕಣ ಓಡುತ್ತದೆ, ಕಣ್ಣು ಸೋಲುತ್ತದೆ. ಇಲ್ಲಿ ಟೆಲಿವಿಷನ್ ಕೈಹಿಡಿಯಿತು. 1974ರಲ್ಲಿ ಸ್ವಿಟ್ಜರ್ಲೆಂಡಿನ ಬೊಲಿಂಗರ್ ಮತ್ತು ಸಂಗಡಿಗರು ಸೂಕ್ಷ್ಮದರ್ಶಕಕ್ಕೆ ಟೆಲಿವಿಷನ್ ಕ್ಯಾಮರಾ ಜೋಡಿಸಿ, ಮನುಷ್ಯನ ಉಗುರಿನ ಬುಡದ ನಾಳದಲ್ಲಿ ರಕ್ತಕಣದ ವೇಗ ಅಳೆದರು. 1975ರಲ್ಲಿ ಅಮೆರಿಕದ ಇಂಟಾಗ್ಲಿಯೆಟ್ಟಾ ಮತ್ತು ಸಂಗಡಿಗರು ಟೆಲಿವಿಷನ್ ಪರದೆಯ ಚಿತ್ರದಿಂದಲೇ ವೇಗ ಅಳೆಯುವ ವಿಧಾನ ಪ್ರಕಟಿಸಿದರು. ಹಿರಣ್ಯಕೇಶಿಯ ನೀರು ಕಾಲುವೆಯಲ್ಲಿ ಬರುವಾಗ ಇಬ್ಬರು ಹುಡುಗರು ಹತ್ತು ಮಾರು ದೂರದಲ್ಲಿ ನಿಂತರು ಎನ್ನಿ. ಮೊದಲನೆಯವನ ಮುಂದೆ ಕಬ್ಬಿನ ರವದಿ ಹಾದುಹೋಯಿತು, ಎರಡನೆಯವನ ಮುಂದೆ ಅದೇ ರವದಿ ಇಷ್ಟು ಹೊತ್ತಿಗೆ ಬಂತು. ದೂರವನ್ನು ಹೊತ್ತಿನಿಂದ ಭಾಗಿಸಿದರೆ ನೀರಿನ ವೇಗ. ಪರದೆಯ ಮೇಲೂ ನಾಳದ ಉದ್ದಕ್ಕೆ ಎರಡು ಕಿಟಕಿ ಗುರುತು ಮಾಡುತ್ತಾರೆ. ಕಣಗಳು ಹಾಯುವಾಗ ಮೊದಲ ಕಿಟಕಿಯಲ್ಲಿ ಮೂಡಿದ ಬೆಳಕು-ನೆರಳಿನ ಏರಿಳಿತವೇ ಸ್ವಲ್ಪ ಹೊತ್ತಿಗೆ ಎರಡನೆಯದರಲ್ಲೂ ಮೂಡುತ್ತದೆ. ಆ 'ಸ್ವಲ್ಪ ಹೊತ್ತು' ಎಷ್ಟು ಎಂಬುದನ್ನು ಯಂತ್ರವೇ ಹುಡುಕುತ್ತದೆ. ಮನುಷ್ಯನ ಕಣ್ಣಿನ ಕೆಲಸವನ್ನು ಯಂತ್ರ ವಹಿಸಿಕೊಂಡದ್ದು ಹೀಗೆ.

ಆದರೂ ಈ ಸಾಮಾನೆಲ್ಲ ಪ್ರಯೋಗಾಲಯದ ಮೇಜಿಗೆ ಸರಿ. ಜೀವನ್ಮರಣದ ನಡುವೆ ಮಲಗಿದ ರೋಗಿಯ ಹತ್ತಿರ ಅದನ್ನು ಒಯ್ಯುವುದು ಹೇಗೆ? 1999ರಲ್ಲಿ ಗ್ರೋನರ್ ಮತ್ತು ಸಂಗಡಿಗರು ಕೈಯಲ್ಲಿ ಹಿಡಿಯುವಂಥ ಉಪಕರಣದ ವಿಧಾನವನ್ನು ಪ್ರಕಟಿಸಿದರು. ಅದು ಹಸಿರು ಬೆಳಕು ಬಿಡುತ್ತದೆ. ರಕ್ತದ ಕೆಂಪು ಬಣ್ಣ ಹಸಿರು ಬೆಳಕನ್ನು ನುಂಗುವುದರಿಂದ ಕಣಗಳು ಕಪ್ಪಗೆ, ಸುತ್ತಲಿನ ಮಾಂಸ ಬೆಳ್ಳಗೆ ಕಾಣುತ್ತವೆ. ಬಣ್ಣದ ಇಂಜೆಕ್ಷನ್ ಬೇಡ, ಎಣ್ಣೆಯೂ ಬೇಡ. ನೋಡುವ ಜಾಗ ನಾಲಿಗೆಯ ಕೆಳಗೆ. ಅಲ್ಲಿಯ ಚರ್ಮ ತೆಳ್ಳಗೆ, ಹಸಿಯಾಗಿ ಇರುತ್ತದೆ.

2002ರಲ್ಲಿ ಬೆಲ್ಜಿಯಂ ದೇಶದ ಡೇನಿಯಲ್ ಡಿ ಬ್ಯಾಕರ್ ಮತ್ತು ಸಂಗಡಿಗರು ಮೈಗೆಲ್ಲ ನಂಜೇರಿದ, ಅಂದರೆ ಸೆಪ್ಸಿಸ್ ಆದ, 50 ರೋಗಿಗಳ ನಾಲಿಗೆಯ ಕೆಳಗೆ ಹೀಗೆ ನೋಡಿದರು. ಆರೋಗ್ಯವಂತರಿಗಿಂತ ಇವರಲ್ಲಿ ಸಣ್ಣ ನಾಳಗಳು ವಿರಳ, ಇದ್ದವುಗಳಲ್ಲೂ ರಕ್ತ ಸರಿಯಾಗಿ ಓಡುತ್ತಿರುವವು ಕಡಿಮೆ. ಬದುಕಿ ಉಳಿಯದವರಲ್ಲಿ ಈ ಕೊರತೆ ಇನ್ನೂ ಹೆಚ್ಚು. ನಂಜಿನಲ್ಲಿ ದೊಡ್ಡ ಕಾಲುವೆಯಲ್ಲಿ ನೀರು ಇದ್ದರೂ, ಅಂದರೆ ರಕ್ತದ ಒತ್ತಡ ಔಷಧದಿಂದ ಸರಿಯಾಗಿದ್ದರೂ, ಹೊಲದ ಮಡಿಗಳಿಗೆ ನೀರು ಮುಟ್ಟದೆ ಇರಬಹುದು ಎಂಬುದು ಇದರಿಂದ ಸ್ಪಷ್ಟವಾಯಿತು.

ಅವರು ನಾಳಗಳನ್ನು ಎಣಿಸಿದ ರೀತಿ ನಮಗೆ ಪರಿಚಯದ್ದೇ. ಪರದೆಯ ಮೇಲೆ ಸಮ ಅಂತರದಲ್ಲಿ ಮೂರು ಅಡ್ಡಗೆರೆ, ಮೂರು ಉದ್ದಗೆರೆ ಎಳೆದರು. ಆ ಗೆರೆಗಳನ್ನು ಎಷ್ಟು ನಾಳಗಳು ದಾಟುತ್ತವೆ ಎಂದು ಎಣಿಸಿ, ಗೆರೆಗಳ ಒಟ್ಟು ಉದ್ದದಿಂದ ಭಾಗಿಸಿದರು. ಇಚಲಕರಂಜಿಯ ವ್ಯಾಪಾರಿ ಹಾಸು-ಹೊಕ್ಕು ಎಣಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಆದರೆ ಬಟ್ಟೆ ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತದೆ. ನಾಲಿಗೆ ಅಲುಗುತ್ತದೆ, ಎಂಜಲು ಬರುತ್ತದೆ, ರೋಗಿ ಉಸಿರಾಡುತ್ತಾನೆ. ಒಬ್ಬ ರೋಗಿಯ ಮೂರರಿಂದ ಐದು ಕಡೆ ತೆಗೆದ ವಿಡಿಯೊಗಳನ್ನು ಹೀಗೆ ಕುಳಿತು ಎಣಿಸುವಷ್ಟರಲ್ಲಿ ರೋಗಿಯ ಸ್ಥಿತಿಯೇ ಬದಲಾಗಿರುತ್ತದೆ. ಮೇಲಾಗಿ, ಹರಿವನ್ನು 'ಸರಿ', 'ನಿಧಾನ', 'ಬಿಟ್ಟು ಬಿಟ್ಟು', 'ಇಲ್ಲ' ಎಂದು ವಿಂಗಡಿಸುವಾಗ ಒಬ್ಬರಿಗೆ ನಿಧಾನ ಎನಿಸಿದ್ದು ಇನ್ನೊಬ್ಬರಿಗೆ ಸರಿ ಎನಿಸಬಹುದು.

ಗಣಕಯಂತ್ರಕ್ಕೆ ಈ ಕೆಲಸ ಕಲಿಸಲು ಹೊರಟದ್ದು ಇದಕ್ಕಾಗಿ. 1997ರ ಹೊತ್ತಿಗೆ ಜರ್ಮನಿಯಲ್ಲಿ 'ಕ್ಯಾಪ್ ಇಮೇಜ್' ಎಂಬ ತಂತ್ರಾಂಶ ಬಳಕೆಯಲ್ಲಿತ್ತು. ಅದರಲ್ಲಿ ಮನುಷ್ಯನ ಕೈ ಇನ್ನೂ ಬಹಳಷ್ಟು ಬೇಕಾಗುತ್ತಿತ್ತು. 2008ರಲ್ಲಿ ಹಾಲೆಂಡಿನ ಡಾಬ್ಬೆ ಮತ್ತು ಸಂಗಡಿಗರು ಹೆಚ್ಚಿನ ಕೆಲಸವನ್ನು ಯಂತ್ರವೇ ಮಾಡುವ ವಿಧಾನ ಪ್ರಕಟಿಸಿದರು. 2019ರಲ್ಲಿ ಹಿಲ್ಟಿ ಮತ್ತು ಸಂಗಡಿಗರ 'ಮೈಕ್ರೋಟೂಲ್ಸ್' ಬಂತು. ನಾಳಗಳ ದಟ್ಟಣೆಯನ್ನೂ ಕಣಗಳ ವೇಗವನ್ನೂ ಅದು ತಾನೇ ಲೆಕ್ಕ ಹಾಕುತ್ತದೆ.

ಯಂತ್ರ ಇದನ್ನು ಮಾಡುವ ಬಗೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ವಿಡಿಯೊ ಎಂದರೆ ಒಂದರ ಮೇಲೆ ಒಂದು ಬರುವ ಚಿತ್ರಗಳ ಕಟ್ಟು. ಮೊದಲು ಯಂತ್ರ ಈ ಚಿತ್ರಗಳನ್ನು ಒಂದಕ್ಕೊಂದು ಸರಿಹೊಂದಿಸಿ ಅಲುಗಾಟವನ್ನು ತೆಗೆಯುತ್ತದೆ. ಎರಡನೆಯದಾಗಿ ಎಲ್ಲ ಚಿತ್ರಗಳ ಸರಾಸರಿ ತೆಗೆಯುತ್ತದೆ. ಒಂದು ಚಿತ್ರದಲ್ಲಿ ಕಣ ಇಲ್ಲಿದೆ, ಮುಂದಿನದರಲ್ಲಿ ಅಲ್ಲಿದೆ. ಎಲ್ಲವನ್ನೂ ಕೂಡಿಸಿದಾಗ ನಡುವಿನ ತೆರವು ತುಂಬಿ ನಾಳ ಅಖಂಡ ಗೆರೆಯಾಗಿ ಮೂಡುತ್ತದೆ. ಮೂರನೆಯದಾಗಿ, ಎರಡೂ ಬದಿಗೆ ಬೆಳಕಿದ್ದು ನಡುವೆ ಕಪ್ಪಾಗಿರುವ ಜಾಗಗಳನ್ನು ಹುಡುಕುತ್ತದೆ. ಉತ್ತ ಹೊಲದಲ್ಲಿ ಸಾಲು ಗುರುತಿಸಿದ ಹಾಗೆ. 1998ರಲ್ಲಿ ಫ್ರಾಂಜಿ ಮತ್ತು ಸಂಗಡಿಗರು ಇಂಥ ಹುಡುಕಾಟಕ್ಕೆ ಮಾಡಿಕೊಟ್ಟ ಗಣಿತ ಇಂದಿಗೂ ಬಳಕೆಯಲ್ಲಿದೆ. ಕೊನೆಯದಾಗಿ ವೇಗ. ನಾಳದ ಗೆರೆಯೊಂದನ್ನೇ ಪ್ರತಿ ಚಿತ್ರದಿಂದ ಕತ್ತರಿಸಿ, ಹೊಕ್ಕಿನ ಎಳೆಗಳಂತೆ ಒಂದರ ಕೆಳಗೆ ಒಂದು ಜೋಡಿಸುತ್ತದೆ. ಕಣ ಪ್ರತಿ ಎಳೆಯಲ್ಲೂ ಸ್ವಲ್ಪ ಮುಂದೆ ಸರಿದಿರುವುದರಿಂದ, ಜೀನ್ಸ್ ಬಟ್ಟೆಯಲ್ಲಿ ಕಾಣುವ ಓರೆ ಗೆರೆಗಳಂತೆ ಗೆರೆ ಮೂಡುತ್ತದೆ. ಗೆರೆ ಎಷ್ಟು ಓರೆಯೋ ಅದರಿಂದ ವೇಗ ತಿಳಿಯುತ್ತದೆ. ಕಣ ನಿಂತಿದ್ದರೆ ಗೆರೆ ನೆಟ್ಟಗೆ ಕೆಳಗಿಳಿಯುತ್ತದೆ.

ಯಂತ್ರ ಹೇಳಿದ ಮಾತ್ರಕ್ಕೆ ಅದು ವೇದವಾಕ್ಯವಲ್ಲ. ಯಂತ್ರ ನಾಳದ ಗೋಡೆಯನ್ನು ನೋಡುವುದಿಲ್ಲ, ಕಣಗಳನ್ನು ಮಾತ್ರ ನೋಡುತ್ತದೆ. ಕಣ ಬಾರದ ನಾಳ ಅದರ ಪಾಲಿಗೆ ಇಲ್ಲವೇ ಇಲ್ಲ. ಉಪಕರಣವನ್ನು ಸ್ವಲ್ಪ ಜೋರಾಗಿ ಒತ್ತಿದರೆ ರಕ್ತ ಅಲ್ಲೇ ನಿಲ್ಲುತ್ತದೆ. ಆಗ ರೋಗಿಯ ನಂಜಿನಿಂದ ನಿಂತಿತೋ, ಹಿಡಿದವರ ಕೈಯಿಂದ ನಿಂತಿತೋ ಯಂತ್ರಕ್ಕೆ ತಿಳಿಯದು. ಇದಕ್ಕಾಗಿ 2013ರಲ್ಲಿ ಮಾಸ್ಸಿ ಮತ್ತು ಸಂಗಡಿಗರು ವಿಡಿಯೊ ಲೆಕ್ಕಕ್ಕೆ ಯೋಗ್ಯವೇ ಎಂದು ಮೊದಲು ಪರೀಕ್ಷಿಸಲು ಆರು ಅಂಶಗಳನ್ನು ಗೊತ್ತುಮಾಡಿದರು. ಬೆಳಕು, ಅವಧಿ, ಸ್ಪಷ್ಟತೆ, ಚಿತ್ರದಲ್ಲಿ ಏನಿದೆ ಎಂಬುದು, ಅಲುಗಾಟ, ಒತ್ತಡ. ಇನ್ನೊಂದು ಮಾತು ನಮಗೆ ಸಂಬಂಧಪಟ್ಟದ್ದು. ಕಪ್ಪು ಮೈಬಣ್ಣದವರ ಉಗುರಿನ ಬುಡದಲ್ಲಿ ನಾಳಗಳು ಬಿಳಿಯರಲ್ಲಿ ಕಂಡಷ್ಟು ಸಲೀಸಾಗಿ ಕಾಣುವುದಿಲ್ಲ. ಬೇರೆ ಜನರ ಬೆರಳು ನೋಡಿ ಕಲಿತ ಯಂತ್ರವನ್ನು ನಮ್ಮ ಬೆರಳಿನ ಮೇಲೆ ನಂಬುವ ಮುನ್ನ ನಮ್ಮ ಬೆರಳುಗಳನ್ನೂ ಅದಕ್ಕೆ ತೋರಿಸಬೇಕು.

ಈಗ ಕರ್ನಾಟಕಕ್ಕೆ ಬರೋಣ. ಮೈಯನ್ನು ಕೊಯ್ಯದೆ, ಎಣ್ಣೆಯೂ ಇಲ್ಲದೆ, ಸಣ್ಣ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ಇನ್ನೊಂದು ಜಾಗವೆಂದರೆ ಕಣ್ಣಿನ ಒಳಪರದೆ, ಅಕ್ಷಿಪಟಲ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿನಲ್ಲಿ ಈ ಪರದೆಯ ನಾಳಗಳು ಅಂಚಿನವರೆಗೆ ಬೆಳೆದಿರುವುದಿಲ್ಲ. ಹುಟ್ಟಿದ ಮೇಲೆ ಅವು ದಾರಿ ತಪ್ಪಿ ಬೆಳೆದರೆ ಪರದೆಯನ್ನೇ ಎಳೆದು ಕಿತ್ತು ಕುರುಡುತನ ತರುತ್ತವೆ. 1942ರಲ್ಲಿ ಬೋಸ್ಟನ್ನಿನ ಟೆರಿ ಈ ರೋಗವನ್ನು ಮೊದಲು ವರದಿ ಮಾಡಿದ. 1951ರಲ್ಲಿ ಆಸ್ಟ್ರೇಲಿಯಾದ ಕೇಟ್ ಕ್ಯಾಂಪ್‌ಬೆಲ್, ಕೂಸುಗಳಿಗೆ ಕೊಡುತ್ತಿದ್ದ ಅತಿಯಾದ ಆಮ್ಲಜನಕವೇ ಕಾರಣವಿರಬಹುದು ಎಂದು ಬೆರಳಿಟ್ಟು ತೋರಿಸಿದಳು. ಅಷ್ಟರಲ್ಲಿ ಜಗತ್ತಿನಲ್ಲಿ ಸಾವಿರಾರು ಕೂಸುಗಳು ದೃಷ್ಟಿ ಕಳೆದುಕೊಂಡಿದ್ದವು.

ಈ ರೋಗದಲ್ಲಿ ಚಿಕಿತ್ಸೆ ತುರ್ತಾಗಿ ಬೇಕೋ ಬೇಡವೋ ಎಂಬುದು ಬಹಳಮಟ್ಟಿಗೆ ನಾಳಗಳು ಎಷ್ಟು ಉಬ್ಬಿವೆ, ಎಷ್ಟು ಸುತ್ತಿಕೊಂಡಿವೆ ಎಂಬುದರ ಮೇಲೆ ನಿಂತಿದೆ. 2007ರಲ್ಲಿ ಅಮೆರಿಕದ ಮೈಕೆಲ್ ಚಿಯಾಂಗ್ ಮತ್ತು ಸಂಗಡಿಗರು ಒಂದು ಪರೀಕ್ಷೆ ಮಾಡಿದರು. 34 ಚಿತ್ರಗಳನ್ನು 22 ಹೆಸರಾಂತ ತಜ್ಞರ ಮುಂದೆ ಇಟ್ಟು, ನಾಳಗಳು ರೋಗದ ಮಟ್ಟಕ್ಕೆ ಹೋಗಿವೆಯೇ, ಅದರ ಹಿಂದಿನ ಮಟ್ಟದಲ್ಲಿವೆಯೇ, ಎರಡೂ ಇಲ್ಲವೇ ಎಂದು ಕೇಳಿದರು. ಎಲ್ಲ ತಜ್ಞರೂ ಒಂದೇ ಮಾತು ಹೇಳಿದ್ದು 4 ಚಿತ್ರಗಳಿಗೆ ಮಾತ್ರ! ಯಾರೂ ಅಲ್ಪಜ್ಞರಲ್ಲ, ಆದರೂ ಕಣ್ಣಳತೆ ಒಬ್ಬರಿಗೊಬ್ಬರಿಗೆ ಹೊಂದಲಿಲ್ಲ. 2018ರಲ್ಲಿ ಅಮೆರಿಕದ ಸಂಶೋಧಕರು 5,500ಕ್ಕೂ ಹೆಚ್ಚು ಚಿತ್ರಗಳನ್ನು ತೋರಿಸಿ ಕಲಿಸಿದ ಗಣಕಯಂತ್ರ, ಬೇರೆ 100 ಚಿತ್ರಗಳ ಪರೀಕ್ಷೆಯಲ್ಲಿ 91ರಲ್ಲಿ ಸರಿಯುತ್ತರ ಕೊಟ್ಟಿತು.

ನಮ್ಮ ಕಡೆ ಇನ್ನೊಂದು ತೊಡಕಿತ್ತು. ತಜ್ಞರಲ್ಲಿ ಒಮ್ಮತ ಇಲ್ಲ ಎನ್ನುವ ಮೊದಲು ತಜ್ಞರೇ ಇರಬೇಕಲ್ಲ? ಹಳ್ಳಿ-ತಾಲೂಕಿನ ದವಾಖಾನೆಗಳಲ್ಲಿ ಬೇಗ ಹುಟ್ಟಿದ ಕೂಸು ಬದುಕುಳಿಯತೊಡಗಿತು, ಆದರೆ ಅದರ ಕಣ್ಣು ನೋಡುವವರು ದೊಡ್ಡ ನಗರದಲ್ಲಿ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ ವಿಣೇಕರ್ ಅವರು 2008ರಲ್ಲಿ 'ಕಿಡ್‌ರಾಪ್' ಎಂಬ ಯೋಜನೆ ಪ್ರಾರಂಭಿಸಿದರು. ತರಬೇತಿ ಪಡೆದ ತಂತ್ರಜ್ಞರು, ಅವರು ವೈದ್ಯರಲ್ಲ, ಕ್ಯಾಮರಾವನ್ನು ಗಾಡಿಯಲ್ಲಿ ಹೇರಿಕೊಂಡು ಜಿಲ್ಲೆ ಜಿಲ್ಲೆ ಸುತ್ತಿ ಕೂಸುಗಳ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ಅಲ್ಲೇ ಕೆಂಪು, ಕಿತ್ತಳೆ, ಹಸಿರು ಎಂದು ಮೊದಲ ವಿಂಗಡಣೆ ಮಾಡುತ್ತಾರೆ. ಕೆಂಪು ಎಂದರೆ ತುರ್ತು, ಕಿತ್ತಳೆ ಎಂದರೆ ಮತ್ತೆ ನೋಡಬೇಕು, ಹಸಿರು ಎಂದರೆ ಚಿಂತೆಯಿಲ್ಲ. ಚಿತ್ರ ಅಂತರ್ಜಾಲದ ಮೂಲಕ ಬೆಂಗಳೂರಿನ ತಜ್ಞರಿಗೆ ಮುಟ್ಟುತ್ತದೆ, ಅವರು ಮೊಬೈಲಿನಲ್ಲೇ ನೋಡಿ ವರದಿ ಕೊಡುತ್ತಾರೆ. ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಈ ಕೆಲಸ ಹಬ್ಬಿತು. ಯಂತ್ರ ಎಷ್ಟೇ ಜಾಣವಾದರೂ ಅದರ ಮುಂದೆ ಚಿತ್ರ ತಂದಿಡುವವರು ಬೇಕು. ಗಣಕಯಂತ್ರದ ಇತಿಹಾಸ ಬರೆಯುವವರು ಈ ಗಾಡಿಯ ಪ್ರಯಾಣವನ್ನೂ ಬರೆಯಬೇಕು.

ಕೇಳುಗರು ಇಲ್ಲಿ ಒಂದು ವಿಷಯ ನೆನಪಿಡಬೇಕು. ನಮ್ಮ ದೇಶದ ನಿಯಮದ ಪ್ರಕಾರ, ಹುಟ್ಟುವಾಗ 2 ಕಿಲೋಗಿಂತ ಕಡಿಮೆ ತೂಕವಿದ್ದ ಅಥವಾ 34 ವಾರ ತುಂಬುವ ಮೊದಲು ಹುಟ್ಟಿದ ಕೂಸಿನ ಕಣ್ಣನ್ನು 30 ದಿನದೊಳಗೆ ತಜ್ಞರಿಗೆ ತೋರಿಸಬೇಕು. ಇನ್ನೂ ಸಣ್ಣ ಕೂಸುಗಳಿಗೆ ಇನ್ನೂ ಬೇಗ. ಗಡಹಿಂಗ್ಲಜದಲ್ಲಿ ಹುಟ್ಟಲಿ, ಬೆಳಗಾವಿಯಲ್ಲಿ ಹುಟ್ಟಲಿ, ಈ ಲೆಕ್ಕ ಒಂದೇ. ದವಾಖಾನೆಯವರು ಹೇಳದಿದ್ದರೆ ನೀವೇ ಕೇಳಿ.

ಕಡೆಯದಾಗಿ ಯಂತ್ರವೇ ಬೇಡದ ಒಂದು ಎಣಿಕೆ. ಬೆರಳ ತುದಿಯನ್ನು ಒತ್ತಿ ಹಿಡಿದು ಬಿಟ್ಟರೆ ಅದು ಬೆಳ್ಳಗಾಗಿ, ಮತ್ತೆ ಲೋಮನಾಳಗಳಿಗೆ ರಕ್ತ ತುಂಬಿ ಕೆಂಪಾಗುತ್ತದೆ. 1947ರಲ್ಲಿ ಅಮೆರಿಕದ ಬೀಚರ್, ಯುದ್ಧದಲ್ಲಿ ಗಾಯಗೊಂಡವರನ್ನು ಕುರಿತು ಬರೆಯುವಾಗ ಈ ಬಣ್ಣ ಮರಳುವುದನ್ನು ಮಾತಿನಲ್ಲಿ, ಸಹಜ, ನಿಧಾನ, ಬಹಳ ನಿಧಾನ ಎಂದು ವಿಂಗಡಿಸಿದ್ದ. 1980ರ ಸುಮಾರಿಗೆ ಚಾಂಪಿಯನ್ ಎಂಬ ವೈದ್ಯ ಅದನ್ನು ಸೆಕೆಂಡಿನ ಲೆಕ್ಕಕ್ಕೆ ತಂದ. ಮಾತು ಅಂಕಿಯಾಯಿತು. 2019ರಲ್ಲಿ ದಕ್ಷಿಣ ಅಮೆರಿಕದ ಐದು ದೇಶಗಳ 28 ಆಸ್ಪತ್ರೆಗಳಲ್ಲಿ ನಂಜೇರಿ ಆಘಾತಕ್ಕೊಳಗಾದ 424 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಅರ್ಧದಷ್ಟು ಜನರ ಚಿಕಿತ್ಸೆ ರಕ್ತದ ಲ್ಯಾಕ್ಟೇಟ್ ಪರೀಕ್ಷೆಯನ್ನು ಅನುಸರಿಸಿ, ಉಳಿದವರದು ಬೆರಳು ಒತ್ತಿ 3 ಸೆಕೆಂಡಿನೊಳಗೆ ಬಣ್ಣ ಬರುತ್ತದೆಯೇ ಎಂದು ನೋಡಿ. 28 ದಿನಗಳಲ್ಲಿ ತೀರಿಕೊಂಡವರು ಮೊದಲ ಗುಂಪಿನಲ್ಲಿ ನೂರಕ್ಕೆ 43.4, ಬೆರಳು ಒತ್ತಿದ ಗುಂಪಿನಲ್ಲಿ 34.9. ಈ ಅಂತರ ಆಕಸ್ಮಿಕವಲ್ಲ ಎಂದು ಗಣಿತದ ಕಟ್ಟುನಿಟ್ಟಿನಲ್ಲಿ ಸಾಧಿಸುವಷ್ಟು ದೊಡ್ಡದಾಗಿರಲಿಲ್ಲ. ಆದರೆ ಬೆರಳಿನ ಪರೀಕ್ಷೆ ಲ್ಯಾಬಿನ ಪರೀಕ್ಷೆಗೆ ಕೀಳಲ್ಲ ಎಂದು ವೈದ್ಯರು ಅದರತ್ತ ಮತ್ತೆ ತಿರುಗಿ ನೋಡುವಂತಾಯಿತು. ಇದನ್ನು ಕೇಳಿ ಮನೆಯಲ್ಲೇ ರೋಗನಿರ್ಣಯಕ್ಕೆ ಕುಳಿತುಕೊಳ್ಳಬೇಡಿ. ಚಳಿಗೆ ಕೈ ತಣ್ಣಗಿದ್ದರೂ, ವಯಸ್ಸಾಗಿದ್ದರೂ ಬಣ್ಣ ತಡವಾಗಿ ಬರುತ್ತದೆ. ಜ್ವರದ ಮನುಷ್ಯನ ಉಸಿರು ಏರಿದರೆ, ಮಾತು ತೊದಲಿದರೆ ದವಾಖಾನೆಗೆ ಓಡಿಸುವುದೇ ಸರಿ.

ಗಡಿಭಾಗದ ರೋಗಿಯ ಪಾಡು ನಿಮಗೆ ತಿಳಿದದ್ದೇ. ಗಡಹಿಂಗ್ಲಜದಲ್ಲಿ ಮರಾಠಿಯಲ್ಲಿ ಹೇಳಿದ್ದನ್ನು ಬೆಳಗಾವಿಯಲ್ಲಿ ಕನ್ನಡದಲ್ಲಿ ಹೇಳಬೇಕು, ಕೊಲ್ಹಾಪುರಕ್ಕೆ ಹೋದರೆ ಮತ್ತೆ ಮರಾಠಿ, ಕಾಗದದ ಮೇಲೆಲ್ಲ ಇಂಗ್ಲಿಷ್. 'ಸ್ವಲ್ಪ ಕಡಿಮೆ' ಎಂಬ ಮಾತು ಮೂರು ಕಡೆ ಮೂರು ಅರ್ಥ ಪಡೆಯುತ್ತದೆ. 'ಮಿಲಿಮೀಟರಿಗೆ ನಾಲ್ಕು ನಾಳ', 'ನಾಲ್ಕು ಸೆಕೆಂಡು' ಎಂದು ಬರೆದಿದ್ದರೆ ಅದಕ್ಕೆ ಭಾಷಾಂತರ ಬೇಡ. ಆ ಅಂಕಿಯ ಪಕ್ಕದಲ್ಲಿ ಹೇಗೆ ಅಳೆದರು, ಯಾವಾಗ ಅಳೆದರು ಎಂಬ ಒಂದು ಸಾಲೂ ಇರಬೇಕು. ಅಷ್ಟಿದ್ದರೆ ಒಂದು ದವಾಖಾನೆಯಲ್ಲಿ ಕಂಡದ್ದು ಇನ್ನೊಂದಕ್ಕೆ ಹಾಗೆಯೇ ಮುಟ್ಟುತ್ತದೆ. ಹಾರ್ವೆಯಿಂದ ಗಣಕಯಂತ್ರದವರೆಗೆ ಇಷ್ಟು ಜನ ದುಡಿದದ್ದು ಇದಕ್ಕಾಗಿಯೇ.